ಶಕುನಕ್ಕೆ ಮೇಲೊಂದು

ಅಹಮದಾಬಾದಿನ ಹಳೆಯ ಓಣಿಯಲ್ಲಿ ಖಾಕ್ರಾ ಎಂಬ ಗರಿಗರಿ ರೊಟ್ಟಿ ಮಾರುವ ಧನಸುಖಭಾಯಿ ಸೊನ್ನೆಯನ್ನು ನಂಬುವವರಲ್ಲ. ಮುಯ್ಯಿ ಹಾಕಿದರೆ ನೂರಾ ಒಂದು, ಖಾಕ್ರಾ ಕಟ್ಟಿದರೆ ಹತ್ತರ ಮೇಲೊಂದು, ಶುಭಶಕುನಕ್ಕೆ. ಸೊನ್ನೆಯಲ್ಲಿ ನಿಂತ ಲೆಕ್ಕ ಅಲ್ಲೇ ಸತ್ತಿತು, ಮೇಲೊಂದು ಇಟ್ಟರೆ ಎದ್ದು ನಡೆಯಿತು ಎನ್ನುವುದು ಅವರ ಶಾಸ್ತ್ರ.

ಮಗಳು ಝಂಖನಾ ತಕ್ಕಡಿಯ ಹಿಂದೆ ಕೂತೇ ಬಿ.ಕಾಂ. ಮುಗಿಸಿದಳು. ಈಗ ಎಂಬಿಎ ಹುಚ್ಚು. ಅದಕ್ಕೆ ಕ್ಯಾಟ್ ಎಂಬ ಪರೀಕ್ಷೆ. ಅವಳು ಕಣ್ಣಿಟ್ಟ ಕಾಲೇಜಿಗೆ ತೊಂಬತ್ತೈದು ಪರ್ಸೆಂಟೈಲ್ ಬೇಕು, ಅಂದರೆ ನೂರಕ್ಕೆ ತೊಂಬತ್ತೈದು ಮಂದಿಯನ್ನು ಹಿಂದೆ ಹಾಕಬೇಕು. ಹಾಕಿದರೆ ಓದು, ಇಲ್ಲದಿದ್ದರೆ ನೋಡಿಹೋದ ಸೂರತ್ತಿನ ಹುಡುಗನ ಜೊತೆ ಮದುವೆ. ಅಪ್ಪ ಮಗಳಿಗೆ ಆದ ಮಾತು ಅಷ್ಟೇ. ಎರಡು ವರ್ಷ ತಯಾರಿ ಮಾಡಿ, ಮೂವತ್ತೊಂಬತ್ತು ಅಣಕು ಪರೀಕ್ಷೆ ಬರೆದಳು.

ಪರೀಕ್ಷೆಯ ದಿನ ಅಜ್ಜಿ ಬಾಯಿಗೆ ಮೊಸರು ಸಕ್ಕರೆ ಇಟ್ಟರು. ಅಪ್ಪ ಸ್ಕೂಟರಿನಲ್ಲಿ ಕರೆದೊಯ್ದು ಗೇಟಿನ ಹತ್ತಿರ ಹೇಳಿದರು, "ಬಂದಷ್ಟು ಬರಿ. ಶಕುನಕ್ಕೆ ಮೇಲೊಂದು ಮಾತ್ರ ಬಿಡ್ಬೇಡ."

"ಪಪ್ಪಾ, ತಪ್ಪಾದ್ರೆ ಇರೋದ್ರಲ್ಲೂ ಒಂದಂಕ ಕಿತ್ಕೋತಾರೆ."

"ಶಕುನಕ್ಕೆ ಇಟ್ಟಿದ್ದನ್ನ ಯಾರು ಕಿತ್ಕೋತಾರೆ ಬೇಟಾ? ಅವರೂ ವ್ಯಾಪಾರ ಕಲ್ಸೋರೇ ತಾನೆ?"

ಕೊನೆಯ ನಿಮಿಷದಲ್ಲಿ ಝಂಖನಾ ಎಣಿಸಿದಳು. ಸರಿಯಾಗಿ ನಲವತ್ತು ಉತ್ತರ. ಸೊನ್ನೆ ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು. ಗೊತ್ತಿಲ್ಲದ್ದನ್ನು ಮುಟ್ಟಬೇಡ ಎಂದು ಕೋಚಿಂಗ್ ಮೇಷ್ಟ್ರು ಎರಡು ವರ್ಷ ಬಡಿದುಕೊಂಡಿದ್ದರು. ಆದರೆ ಅಪ್ಪನ ಪಾಠ ಇಪ್ಪತ್ನಾಲ್ಕು ವರ್ಷದ್ದು. ತೂತು ಬಿದ್ದ ನೀರಿನ ತೊಟ್ಟಿ ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬ ಲೆಕ್ಕಕ್ಕೆ ಕಣ್ಣುಮುಚ್ಚಿ ಕೊಟ್ಟ ನಾಲ್ಕು ಉತ್ತರಗಳಲ್ಲಿ ಮೂರನೆಯದನ್ನು ಒತ್ತಿದಳು.

ತೊಟ್ಟಿ ಆ ಹೊತ್ತಿಗೆ ತುಂಬಲಿಲ್ಲ. ಒಂದಂಕ ಹೋಯಿತು. ಬಂದದ್ದು ತೊಂಬತ್ನಾಲ್ಕು ಪಾಯಿಂಟ್ ಒಂಬತ್ತು ಏಳು.

"ಇಷ್ಟು ಚೂರು ಕಮ್ಮಿಗೆ ಗಿರಾಕಿನ ವಾಪಸ್ ಕಳ್ಸೋದಾ?" ಧನಸುಖಭಾಯಿ ತಲೆ ಚಚ್ಚಿಕೊಂಡರು. "ಇವರೇನು ವ್ಯಾಪಾರ ಕಲಿಸ್ತಾರೆ?"

"ನಿನ್ನ ಶಕುನವೇ ಮಗೂನ ನುಂಗ್ತಲ್ಲೋ ಧನು," ಎಂದರು ಅಜ್ಜಿ. "ಈಗ ಸೂರತ್ತಿಗೆ ಫೋನ್ ಮಾಡು. ಮಾತು ಅಂದ್ರೆ ಮಾತು."

ಅಪ್ಪ ಫೋನು ಎತ್ತಿಕೊಂಡಾಗ ಝಂಖನಾ ಮೆಲ್ಲಗೆ ಅಂದಳು, "ಪಪ್ಪಾ, ಅಣಕು ಪರೀಕ್ಷೆ ಮೂವತ್ತೊಂಬತ್ತು. ಇದೂ ಸೇರಿ ನಲವತ್ತು. ಸೊನ್ನೇಲಿ ನಿಲ್ಲಿಸ್ತೀರಾ?"

ಧನಸುಖಭಾಯಿ ಬೆರಳು ಮಡಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಲೆಕ್ಕ ಸರಿಯಿತ್ತು.

"ಒಂದು ವರ್ಷ ತಡೀರಿ ಭಾಯಿ," ಎಂದರು ಫೋನಿನಲ್ಲಿ. "ಹುಡುಗಿದು ಇನ್ನೊಂದು ಪರೀಕ್ಷೆ ಇದೆ. ಶಕುನದ್ದು."

ಸೂರತ್ತಿನವರು ಬೇಸರ ಮಾಡಿಕೊಳ್ಳಲಿಲ್ಲ. ಝಂಖನಾ ಅವರು ನೋಡಿದ ಹತ್ತನೆಯ ಹುಡುಗಿ. ಹೇಗೂ ಇನ್ನೊಂದು ನೋಡಬೇಕು ಎಂದೇ ಇದ್ದರಂತೆ.