ಎರಡು ವೈರಿನ ನಡುವೆ ಕೂತವರು

ನನ್ನ ಮೊಮ್ಮಗಳು ತಿಂಗಳು ತುಂಬುವ ಮೊದಲೇ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಹುಟ್ಟಿದಳು. ಮಗು ಮೇಲಿನ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಎದ್ದು ಕೂರಲಾಗದ ನನ್ನ ಮಗಳು ಕೆಳಗೆ. "ಮಗು ಇದೆ ಅಂತ ಸುಳ್ಳು ಹೇಳ್ತಿದ್ದೀಯಾ ಅಮ್ಮ?" ಅಂತ ಊಟವನ್ನೇ ಬಿಟ್ಟಿದ್ದಳು.

ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಧಾರವಾಡದ ಕಡೆಯವರು. ಮೇಲಿನ ಕಂಪ್ಯೂಟರುಗಳ ವೈರೇ ಬೇರೆ, ಕೆಳಗಿನದೇ ಬೇರೆಯಂತೆ. ಮಗಳು ಮಲಗಿದಲ್ಲೇ ನೋಡಲಿ ಅಂತ ಮಗುವಿನ ಪಕ್ಕ ಕ್ಯಾಮೆರಾ ಇಟ್ಟರು. ಎರಡೂ ವೈರನ್ನು ಒಂದು ಹಳೇ ಕಂಪ್ಯೂಟರಿಗೆ ಸಿಕ್ಕಿಸಿ, ಇತ್ತ ಬಂದದ್ದನ್ನು ಅತ್ತ ದಾಟಿಸುವ ವಿದ್ಯೆಯನ್ನು ಅದರೊಳಗೆ ತಾವೇ ಕೂತು ಬರೆದರು. ಬಾಯಲ್ಲಿ ಯಾವಾಗಲೂ ವೈರಿನ ತುಂಡು. "ನಡುವ ನಾವಿದ್ದದ್ದು ಎರಡೂ ಕಡೆಯವರಿಗೆ ಗೊತ್ತಾಗಬಾರದ್ರೀ ಅಮ್ಮಾರ" ಅನ್ನೋದೇ ಅವರ ಮಾತು.

ಮೊದಲ ಸಲ ಅದನ್ನು ಶುರು ಮಾಡಿದಾಗ ಎಲ್ಲ ಕಂಪ್ಯೂಟರೂ ಕಲ್ಲಾಗಿ ನಿಂತವು. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಮಹಡಿಗಳ ನಡುವೆ ಮತ್ತೊಂದು ವೈರನ್ನೂ ಎಳೆದಿದ್ದರು. ಕಳಿಸಿದ್ದೆಲ್ಲ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬಂದು ಗಿರಗಿರ ಸುತ್ತುತ್ತಿತ್ತಂತೆ. "ಹೆದರಿ ಹೆಚ್ಚಿಗಿ ಒಂದು ಎಳದೆ ನೋಡ್ರಿ" ಅಂತ ಅದನ್ನು ಕಿತ್ತರು.

ಮಗಳ ಮಂಚದ ಪಕ್ಕದ ಪರದೆಯಲ್ಲಿ ಪುಟ್ಟ ಕಾಲೊಂದು ಒದೆಯಿತು. ಅಯ್ಯೋ ನನ್ನ ಬಂಗಾರವೇ! ಮಗಳು ಆ ಕಾಲಿನ ಮೇಲೆ ಬೆರಳಿಟ್ಟು "ಇದ್ದಾಳೆ" ಅಂದಳು, ಅನ್ನ ಕೇಳಿದಳು. ಇದನ್ನು ಮಾಡಿಕೊಟ್ಟವರು ಇವರೇ ನೋಡಮ್ಮ ಅಂತ ತೋರಿಸೋಣ ಎಂದು ತಿರುಗಿದೆ. ಬಾಗಿಲಲ್ಲಿ ನಿಂತಿದ್ದವರು ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಹೊರಟುಹೋದರು.