ಮುಚ್ಚಳದ ಮೇಲಿನ ಭಂಡಾರ

ಕೆರೂರಿನ ಮೆಕ್ಯಾನಿಕ್ ಹುಲ್ಲಪ್ಪ ದಸರೆಯ ಖಂಡೇಪೂಜೆಯ ದಿನ ತನ್ನಲ್ಲಿಗೆ ಬರುವ ಗಾಡಿಗಳಿಗೆಲ್ಲ ಬೀರಪ್ಪ ದೇವರ ಭಂಡಾರದ ಅರಿಶಿನಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹೆಬ್ಬೆರಳಿನಿಂದ ಹಚ್ಚಿ ಕಳಿಸುತ್ತಿದ್ದ. ೧೯೭೯ರಲ್ಲಿ ಪೂಜೆಯ ಮರುದಿನವೇ ಡಾಕ್ಟರ್ ಬಸಯ್ಯ, ನಿಂತುಹೋದ ಮೋಟಾರ್‌ಸೈಕಲ್ಲನ್ನು ಒಂದು ಮೈಲಿ ತಳ್ಳಿಕೊಂಡು ಬಂದರು.

“ಲಗೂನ ನೋಡೋ ಮಾರಾಯಾ. ತೋಟದ ಮನ್ಯಾಗ ಸಾವಂತ್ರವ್ವ ಬ್ಯಾನಿ ತಿನ್ನಾಕತ್ತಾಳ, ಕೂಸು ಅಡ್ಡ ಐತಂತ.”

ಹುಲ್ಲಪ್ಪ ಪ್ಲಗ್ ಬಿಚ್ಚಿದ, ಕಿಡಿ ಚೆನ್ನಾಗಿತ್ತು. ಗಾಡಿ ಅಲ್ಲಾಡಿಸಿದ, ಟಾಕಿಯಲ್ಲಿ ಪೆಟ್ರೋಲು ಕುಲುಕಿತು. ಕಾರ್ಬುರೇಟರ್ ಮಾತ್ರ ಒಣಗಿತ್ತು. ಅದನ್ನು ಬಿಚ್ಚಿ ತೊಳೆದ, ಜೋಡಿಸಿದ, ಮತ್ತೆ ಬಿಚ್ಚಿದ. ಹಿಂದಿನ ದಿನ ತಾನೇ ಭಂಡಾರ ಹಚ್ಚಿದ್ದ ಟಾಕಿಯ ಮುಚ್ಚಳಕ್ಕೆ ಮಸಿಗೈ ತಾಕಿಸಲು ಮನಸ್ಸು ಬರಲಿಲ್ಲ. ಅರ್ಧ ತಾಸಿನ ಮೇಲೆ ಬೇರೆ ದಾರಿ ಕಾಣದೆ ಆ ಮುಚ್ಚಳ ತಿರುವಿದಾಗ ‘ಸುಸ್’ ಎಂದು ಗಾಳಿ ಒಳನುಗ್ಗಿತು. ಮುಚ್ಚಳದ ಗಾಳಿತೂತಿನಲ್ಲಿ ಎಣ್ಣೆ ಕಲಸಿದ ಭಂಡಾರ ಗಟ್ಟಿಯಾಗಿ ಕೂತಿತ್ತು. ಗಾಳಿ ಇಲ್ಲದೆ ಪೆಟ್ರೋಲು ಇಳಿದಿರಲಿಲ್ಲ. ತೂತು ಚುಚ್ಚಿ ತೆರೆದ ಮೇಲೆ ಒಂದೇ ಒದೆತಕ್ಕೆ ಗಾಡಿ ಶುರುವಾಯಿತು.

ಡಾಕ್ಟರಿಂದ ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

“ಬೀರಪ್ಪನ ಇಚ್ಛಾ, ಬಿಡೋ” ಎಂದರು ಓಣಿಯವರು. ತಪ್ಪನ್ನು ದೇವರ ಹೆಗಲಿಗೇರಿಸುವುದರಲ್ಲಿ ನಮ್ಮ ಜನ ಪಳಗಿದವರು. ಹುಲ್ಲಪ್ಪ ಮಾತ್ರ ಸಾವಂತ್ರವ್ವನ ಮನೆಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಭಂಡಾರ ಹಚ್ಚಿದ ಹೆಬ್ಬೆರಳನ್ನು ಮುಂದೆ ಹಿಡಿದ. “ದೇವ್ರದಲ್ಲವ್ವಾ, ಇದರ ತಪ್ಪು.”

ಅವಳು ಬೆರಳನ್ನು ನೋಡಲಿಲ್ಲ. “ಆ ಮುಚ್ಚಳ ಮುಟ್ಟಾಕ ಅರ್ಧ ತಾಸ ಬೇಕಾತೇನೋ ಅಣ್ಣಾ?” ಎಂದಳು.