ದೇವಣಿಗೆ ಬಂದ ಒಂಬತ್ತು ಆಕಳುಗಳು

"ಊಟ ಆಯ್ತೇನ್ರೀ?" ಎಂದು ಯಾರು ಕೇಳಿದರೂ ಹೊಟ್ಟೆಯನ್ನು ವಿಚಾರಿಸದೆಯೇ "ಆಯ್ತ್ರೀ" ಎಂದುಬಿಡುವುದು ನಮ್ಮ ಉದಗೀರದವರ ಶಿಷ್ಟಾಚಾರ. ಸಿದ್ಧ ಉತ್ತರದಲ್ಲೊಂದು ಸುಖವಿದೆ, ಓದುಗ ಮಿತ್ರರೇ. ಆ ಸುಖವನ್ನು ಕಂಪ್ಯೂಟರಿಗೂ ಕಲಿಸಹೊರಟದ್ದು ನನ್ನ ಅತಿಬುದ್ಧಿ.

ವೆಬ್‌ಸೈಟು ಕಟ್ಟುವುದು ನನ್ನ ವೃತ್ತಿ. ದನ ಸಾಕುವವರ ಸಂಘವೊಂದಕ್ಕಾಗಿ, ಊರಿನ ಹೆಸರು ಬರೆದರೆ ಹತ್ತಿರದ ದೇವಣಿ ತಳಿಯ ಹೋರಿ ಯಾರ ಮನೆಯಲ್ಲಿದೆಯೆಂದು ತಿಳಿಸುವ ತಾಣವೊಂದನ್ನು ಮಾಡಿದ್ದೆ. ಪ್ರತಿ ಸಲವೂ ಹುಡುಕಿ ಅದು ಏದುಸಿರು ಬಿಡುತ್ತಿದ್ದುದರಿಂದ, ಒಮ್ಮೆ ಸಿಕ್ಕ ಉತ್ತರವನ್ನು ನೆನಪಿಟ್ಟುಕೊಂಡು ಮತ್ತೆ ಅದನ್ನೇ ಕೊಡುವ ಏರ್ಪಾಡು ಮಾಡಿದೆ. ಇದಕ್ಕೆ ಕ್ಯಾಶಿಂಗ್ ಎಂಬ ಗಂಭೀರ ನಾಮಧೇಯವಿದೆ. ಉತ್ತರವನ್ನು ನೆನಪಿಡು ಎಂದೆ. ಅದು ಯಾವ ಊರಿನ ಉತ್ತರವೆಂಬುದನ್ನೂ ನೆನಪಿಡು ಎನ್ನಲು ಮರೆತೆ. ಮರುದಿನ ಮೊದಲು ಕೇಳಿದವರು ಆ ತಳಿಗೆ ಹೆಸರು ಕೊಟ್ಟ ದೇವಣಿ ಊರಿನವರು. ಅವರಿಗೆ ನ್ಯಾಯವಾಗಿಯೇ ಅದೇ ಊರಿನ ಗುರಪ್ಪನವರ ಹೋರಿಯನ್ನು ತೋರಿಸಿದ ತಾಣ, ಆಮೇಲೆ ಜಳಕೋಟ, ನಿಲಂಗಾ, ಉಮರ್ಗಾದವರಿಗೂ ಗುರಪ್ಪನವರನ್ನೇ ದಯಪಾಲಿಸಿತು.

ಮಧ್ಯಾಹ್ನ ಗುರಪ್ಪನವರ ಫೋನು ಬಂತು.

"ಸಾಹೇಬ್ರ, ಮನಿ ಮುಂದ ಒಂಬತ್ತ ಆಕಳ ನಿಂತಾವ್ರೀ. ಹೋರಿ ಒಂದ ಅದ. ಅದು ನನ್ನ ಮಾರಿ ನೋಡ್ಲಿಕತ್ತದ, ನಾ ಯಾರ ಮಾರಿ ನೋಡ್ಲಿ?"

ದೇವಣಿಗೆ ಓಡಿದೆ. ಬೆದೆಗೆ ಬಂದ ಆಕಳಿಗೆ ಈ ಹೊತ್ತು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಆದ್ದರಿಂದ ಅಲ್ಲಿ ನನಗೆ ಸಂದ ಬೈಗುಳಗಳೆಲ್ಲ ಧರ್ಮಸಮ್ಮತವೇ. ಕಾಸಾರಶಿರಸಿಯಿಂದ ಟೆಂಪೊದಲ್ಲಿ ಆಕಳು ತಂದಿದ್ದ ಶಾಂತಮ್ಮ ಎಂಬ ಮುದುಕಿ ಸೊಂಟ ಹಿಡಿದುಕೊಂಡೇ ಕೇಳಿದಳು:

"ಇದಕ್ಕ ಹತ್ತಿರ ಅಂತೀಯೇನಪ್ಪಾ? ನನ್ನ ನಡಾನೂ ಹೋಯ್ತು, ಆಕಳದ ನಡಾನೂ ಹೋಯ್ತು!"

ಕೈಮುಗಿದೆ. ದೂರದಿಂದ ಬಂದ ಆಕೆಗೆ ಗುರಪ್ಪನವರ ಹೋರಿಯನ್ನು ಗೊತ್ತುಮಾಡಿ, ಉಳಿದ ಎಂಟು ಆಕಳುಗಳಿಗೆ ಕಾಗದದ ಪಟ್ಟಿ ನೋಡಿ, ಊರೂರಿಗೆ ಫೋನು ಮಾಡಿ, ಕತ್ತಲಾಗುವುದರೊಳಗೆ ವರಗಳನ್ನು ಹುಡುಕಿಕೊಟ್ಟೆ.

ಮರುದಿನ ತಪ್ಪನ್ನು ತಿದ್ದಿ, ಮುಂದಿನವರ ಎಚ್ಚರಕ್ಕೆಂದು ಬರೆದಿಟ್ಟೆ: ಪ್ರಶ್ನೆಯನ್ನು ಮರೆತು ಉತ್ತರವನ್ನಷ್ಟೇ ನೆನಪಿಡಬೇಡಿ; ಹೋರಿ ಮಾರಾಟವಾದರೆ ಹಳೆಯ ಉತ್ತರವನ್ನು ಅಳಿಸಿ. ಇನ್ನು ತಾಣದಲ್ಲಿ ಲೋಪವಿಲ್ಲವೆಂದು ಬೀಗಿದೆ.

ಮರುವರ್ಷ ಶಾಂತಮ್ಮನ ಫೋನು ಬಂತು.

"ಗುರಪ್ಪನ ಹೋರಿಗೆ ಹುಟ್ಟಿದ ಕರಾ ಛಲೋ ಅದ, ತಮ್ಮಾ. ಆದ್ರ ನಿನ್ನ ಕಂಪ್ಯೂಟರ್ ಕೆಟ್ಟದ ನೋಡು. ಈ ಸಲ ನಮ್ಮ ಓಣಿ ಕಾಶಪ್ಪನ ಹೋರಿ ತೋರ್ಸ್‌ಲಿಕತ್ತದ."

"ಅದೇ ಹತ್ತಿರ, ಆಯಿ. ಈಗ ಸರಿ ಆಗ್ಯದ."

"ಹ್ಯಾಂಗ ಸರಿ? ಅಂವನ ಕೂಡ ನಾ ಮಾತಾಡಿ ಹತ್ತ ವರ್ಷ ಆತು! ಮೊದಲಿನ ತಪ್ಪೇ ಹಚ್ಚಿಬಿಡು."

ಗುರಪ್ಪನವರ ನಂಬರು ನನಗೆ ಬಾಯಿಪಾಠವಾಗಿತ್ತು. ಹೇಳಿದೆ.